ಹಿತ್ತಾಳೆ ಅಚ್ಚಿನ ಗುಂಡು

ಗರಾಜಿನ ಬಾಗಿಲು ಅರ್ಧ ತೆರೆದಿತ್ತು. ಕೆಲಸದ ಮೇಜಿನ ಮೇಲೆ ತಲೆಯಿಟ್ಟು ಗುರುಶಾಂತಪ್ಪ ಮಲಗಿದಂತಿದ್ದರು. ಆಗಷ್ಟೇ ಹೊರಗಿನಿಂದ ಬಂದು ಹತ್ತಿರ ಹೋದ ಶಿವಬಸಮ್ಮನ ಕಾಲಿಗೆ ರಿವಾಲ್ವರ್ ತಾಗಿತು. ಗಂಡನ ಎದೆಯಲ್ಲಿ ಒಂದೇ ತೂತು.

ಬೆಳಿಗ್ಗೆಯಷ್ಟೇ ತಾನು ಆಡಿದ್ದ ಮಾತು ನೆನಪಾಯಿತು: “ಆ ಗುಂಡು ನಿಮ್ಮ ಎದಿಗೇ ಹೊಡ್ಕೋರಿ!”

ಜಗಳವಾದದ್ದು ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ. ಗುರುಶಾಂತಪ್ಪ ಅಡುಗೆಮನೆಯ ಒಲೆಯ ಮೇಲೆ ಮತ್ತೆ ಔಡಲೆಣ್ಣೆ, ಜೇನುಮೇಣ ಸೇರಿಸಿ ಕಾಸಿದ್ದರು. ಸೀಸದ ಗುಂಡು ನಳಿಗೆಗೆ ಅಂಟಬಾರದೆಂದು ಅದರ ಮೈಗೆ ಸವರುವ ಮೇಣ. ರೊಟ್ಟಿಗೆಲ್ಲ ಅದರದೇ ವಾಸನೆ. ದಿನವೂ ಲಿಂಗಪೂಜೆ ತಪ್ಪಿಸದ, ಮೊಟ್ಟೆ ಬೆರೆತಿದೆಯೆಂದು ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನೂ ಮುಟ್ಟದ ಮನುಷ್ಯನಿಗೆ ಅರವತ್ತೆಂಟರಲ್ಲಿ ಇದೆಂಥ ಹುಚ್ಚು?

ಹುಚ್ಚೇ ಸರಿ. ನೂರ ಮೂವತ್ತು ವರ್ಷದ ಆ ರಿವಾಲ್ವರಿನ ಕಾಡತೂಸು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಅದರ ಗುಂಡೂ ವಿಚಿತ್ರ—ಹಿಂಭಾಗ ಸಣ್ಣ, ಮುಂಭಾಗ ದಪ್ಪ. ಅಂಗಡಿಯ ಯಾವ ಗುಂಡೂ, ಯಾವ ಅಚ್ಚೂ ಹೊಂದುತ್ತಿರಲಿಲ್ಲ. ಅಟ್ಲಾಂಟಾ ಬಳಿಯ ಜಾನ್ಸ್ ಕ್ರೀಕ್‌ನ ಗೆಳೆಯ ಶಶಿಕಾಂತನನ್ನು ಕಟ್ಟಿಕೊಂಡು ಶಾರ್ಲೆಟ್, ಅಟ್ಲಾಂಟಾದ ಗನ್ ಶೋ ಎಂಬ ಬಂದೂಕು ಸಂತೆಗಳನ್ನೆಲ್ಲ ಎರಡು ವರ್ಷ ಜಾಲಾಡಿದ್ದರು. ಕೊನೆಗೆ ಒಬ್ಬ ಮುದುಕ ಕಸುಬುದಾರನಿಂದ ಹಿತ್ತಾಳೆಯ ಅಚ್ಚನ್ನೇ ಕೊರೆಸಿ ತಮ್ಮೂರು ಫೋರ್ಟ್ ಮಿಲ್‌ಗೆ ತಂದಿದ್ದರು.

ಅದೇ ಮುಳುವಾಯಿತು. ಅಂಥ ಗುಂಡು ಎಲ್ಲಿಯೂ ಸಿಗದು, ಅಚ್ಚು ಇರುವುದು ಇದೇ ಗರಾಜಿನಲ್ಲಿ. ತಾನೇ ಎರಕ ಹೊಯ್ದ, ತಾನೇ ಹೊಡೆದುಕೊಂಡ—ಪೊಲೀಸರು ಹೀಗೆಂದುಕೊಂಡರು. ಆ ದಿನ ಅತಿಥಿಯಾಗಿ ಮನೆಯಲ್ಲಿ ತಂಗಿದ್ದ ಶಶಿಕಾಂತ ಶಿವಬಸಮ್ಮನ ಬೈಗುಳವನ್ನು ಅವರಿಗೆ ಒಂದಕ್ಷರ ಬಿಡದೆ ಒಪ್ಪಿಸಿದ. ಆಮೇಲೆ ಆಕೆಯ ಪಕ್ಕ ಬಂದು ಕೂತು, “ಮನಸಿಗೆ ಹಚ್ಕೋಬ್ಯಾಡ್ರಿ ವೈನಿ, ಸಿಟ್ಟಿನ್ಯಾಗ ಅಂದ್ರಿ” ಎಂದ. ಸಮಾಧಾನ ಹೇಳುವುದೆಂದರೆ ಇದೇ ನೋಡಿ!

ಮೂರು ವಾರದ ಬಳಿಕ ಡಿಟೆಕ್ಟಿವ್ ರಚನಾ ಬಂದಳು. ಅಪ್ಪ-ಅಮ್ಮ ಮೈಸೂರಿನವರು, ಈಕೆ ಹುಟ್ಟಿದ್ದು ಶಾರ್ಲೆಟ್‌ನಲ್ಲಿ. ಶಶಿಕಾಂತ ಆಗಲೇ ಬಂದು ಕಾಯುತ್ತಿದ್ದ. ಕೇಸು ಮುಗಿದರೆ ರಿವಾಲ್ವರನ್ನು ಅವನೇ ಒಯ್ಯಬೇಕು. ಆ ಪೀಡೆ ನನಗೆ ಬೇಡ ಎಂದು ಶಿವಬಸಮ್ಮನೇ ಹೇಳಿಬಿಟ್ಟಿದ್ದಳು.

“ಸ್ವಲ್ಪ ಕ್ವೆಶ್ಚನ್ಸ್ ಇದೆ ಅಂಕಲ್. ಆ ದಿನ ನೀವು ಎಲ್ಲಿದ್ರಿ?”

“ಹಾಲು ತರಾಕ ಹೋಗಿದ್ದೆ. ಹೇಳೇನಲ್ಲ?”

“ಈ ರಿವಾಲ್ವರ್ ನೀವು ಮೊದಲೂ ಕೇಳಿದ್ರಾ?”

“ಕೇಳಿದ್ದೆ. ಅಣ್ಣಾ ಕೊಡಂಗಿಲ್ಲ ಅಂದ್ರು. ಅದಕ್ಕೇನೀಗ?”

“ಅಚ್ಚು ಯೂಸ್ ಮಾಡಿದ್ರಾ?”

“ನೋಡಾಕಂತ ಒಂದ್ ವಾರ ಒಯ್ದಿದ್ದೆ. ಎರಕ ಹೊಯ್ಯೂದು ನನಗ ಬರಂಗಿಲ್ಲ.”

ರಚನಾ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲಿಟ್ಟಳು. ರಿವಾಲ್ವರಿನಲ್ಲಿ ಉಳಿದಿದ್ದ ಐದು ಕಾಡತೂಸುಗಳು. ಗುಂಡುಗಳ ಮೈಗೆ ಬಿಳಿಯ ಜಿಡ್ಡು.

“ಅಂಕಲ್, ಗುರುಶಾಂತಪ್ಪ ಅಂಕಲ್ ಗುಂಡಿಗೆ ಏನು ಹಚ್ತಿದ್ರು?”

“ಎಲ್ಲಾರೂ ಹಚ್ಚೂದ. ಜೇನುಮೇಣ, ಕುರಿಕೊಬ್ಬು.”

ಶಿವಬಸಮ್ಮ ಬೆಚ್ಚಿ ತಲೆಯೆತ್ತಿದಳು. “ಕುರಿಕೊಬ್ಬ? ನನ್ನ ಮನ್ಯಾಗ?”

“ಲ್ಯಾಬ್ ರಿಪೋರ್ಟಲ್ಲೂ ಅದೇ ಇತ್ತು ಆಂಟಿ” ಎಂದಳು ರಚನಾ. “ನಾವ್ಯಾರೂ ಕೇರ್ ಮಾಡ್ಲಿಲ್ಲ. ಇಲ್ಲಿ ಗುಂಡು ಮಾಡೋರು ತುಂಬಾ ಜನ ಕೊಬ್ಬೇ ಹಚ್ತಾರೆ. ನಿನ್ನೆ ಫೋನಲ್ಲಿ ನೀವು ಔಡಲೆಣ್ಣೆ ಜಗಳ, ಕೇಕ್ ವಿಷಯ ಎಲ್ಲ ಹೇಳಿದ್ರಲ್ಲ? ಆಗ ಡೌಟ್ ಬಂತು. ಮೊಟ್ಟೆ ಇರೋ ಕೇಕ್ ಕೂಡ ಮುಟ್ಟದವರು ಕೊಬ್ಬು ಕೈಲಿ ಹಚ್ತಾರಾ? ಗುರುಶಾಂತಪ್ಪ ಅಂಕಲ್ ಮಾಡಿದ ಗುಂಡೆಲ್ಲ ಶೆಲ್ಫಲ್ಲೇ ಇವೆ, ಒಂದನ್ನೂ ಮದ್ದು ತುಂಬಿ ಕಾಡತೂಸು ಮಾಡಿಲ್ಲ. ಈ ಕಾಡತೂಸು ಮಾಡಿದ್ದು ಬೇರೆಯವರು. ಅಚ್ಚು ಈ ಮನೆಯಿಂದ ಹೊರಗೆ ಹೋಗಿದ್ದು ಒಂದೇ ಸಲ.”

ಶಶಿಕಾಂತ ನಗಲು ನೋಡಿದ. ನಗು ಬರಲಿಲ್ಲ.

“ಇವತ್ತು ಬೆಳಿಗ್ಗೆ ಜಾನ್ಸ್ ಕ್ರೀಕಲ್ಲಿ ನಿಮ್ಮ ಗರಾಜ್ ಸರ್ಚ್ ಆಯ್ತು ಅಂಕಲ್. ಕೊಬ್ಬಿನ ಡಬ್ಬಿ ಸಿಕ್ತು. ಇದೇ ಅಚ್ಚಿನ ಗುಂಡು, ಹನ್ನೆರಡು. ಗುರುಶಾಂತಪ್ಪ ಅಂಕಲ್‌ನ ಕೊಂದಿದ್ದು ನೀವು.”

ಶಶಿಕಾಂತ ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದ. “ಎರಡು ವರ್ಷ ಜೋಡಿಲೇ ಹುಡುಕಿದ್ವಿ. ಒಂದ್ ಸಲನಾದ್ರೂ ಅದನ್ನ ನನ್ನ ಕೈಗೆ ಕೊಡ್ಲಿಲ್ಲ. ಆವತ್ತ ನನ್ನ ಕಾಡತೂಸು ಒಯ್ದು ಕೊಟ್ಟೆ. ಹೆಂಗ ಹೊಂದ್ತಾವ ಅಂತ ಎಷ್ಟು ಖುಷಿಪಟ್ರು ಗೊತ್ತೇನು? ತಾವ ಆರೂ ತುಂಬಿದ್ರು. ನೋಡು ಅಂತ ನನ್ನ ಕೈಯಾಗಿಟ್ರು.”

ಜೀವಮಾನವಿಡೀ ಮಾಂಸ ಮುಟ್ಟದೆ ಶೀಲ ಕಾಪಾಡಿದ ಕೈ ಕೊನೆಗೆ ತಿಳಿಯದೆ ಕುರಿಕೊಬ್ಬು ಮುಟ್ಟಿತ್ತು. ಆದರೂ ಶಿವಬಸಮ್ಮನಿಗೆ ಮೂರು ವಾರದಲ್ಲಿ ಮೊದಲ ಸಲ ಉಸಿರು ಹಗುರವಾಯಿತು. “ಹಂಗಾರ ನನ್ನ ಮಾತಿಗೆ ಹೋಗ್ಲಿಲ್ಲ ಅವ್ರು” ಎಂದಳು.

ಕೈಗೆ ಬೇಡಿ ಬಿದ್ದ ಶಶಿಕಾಂತ ಬಾಗಿಲಲ್ಲಿ ನಿಂತು ತಿರುಗಿದ.

“ಕಾಡತೂಸು ಎರಡು ತಿಂಗಳಿಂದ ಕಾರಿನ್ಯಾಗ ಇದ್ವು ವೈನಿ. ಅಣ್ಣಾ ಯಾಕ ಹೊಡ್ಕೊಂಡ್ರು ಅಂತ ಪೊಲೀಸರಿಗೆ ಒಂದ್ ಕಾರಣ ಬೇಕಿತ್ತು. ಆವತ್ತ ನೀವ ಕೊಟ್ರಿ.”