ಜಂತಿ ಎಣಿಸಿದ ಗಂಡು

ನನ್ನ ನೋಡಾಕ ಬಂದ ಗಂಡುಗಳಾಗ ಅಂಬಪ್ಪನಂಥ ದಡ್ಡ ಇನ್ನೊಬ್ಬ ಬರಲಿಲ್ಲ. ಅದು ಎಂಬತ್ತಾರನೇ ಇಸವಿ. ಮಸ್ಕಿಯಾಗ ನಮ್ಮ ಮನಿ. ನಾ ಡ್ರಾಯಿಂಗ್ ಪರೀಕ್ಷಿ ಪಾಸಾಗಿ ನೌಕರಿಗೆ ಕಾಯಾಕತ್ತಿದ್ದೆ. ಅವ್ವ ಗಿಳಿಹಸಿರು ಸೀರಿ ಉಡಿಸಿ, ತಲಿ ತುಂಬ ಮಲ್ಲಿಗಿ ಮುಡಿಸಿ, ಕೈಯಾಗ ಚಾದ ತಾಟು ಕೊಟ್ಟು ಕಳಿಸಿದ್ಲು. ನಾ ಹೋಗಿ ಅಂವನ ಮುಂದ ನಿಂತೆ. ಅಂವ ಮ್ಯಾಲ ನೋಡಾಕತ್ತಿದ್ದ.

ಕಪ್ಪು ತಗೊಳ್ಳುವಾಗ ಒಂದೀಟು ತಲಿ ತಗ್ಗಿಸಿದ, ಅಷ್ಟ. ನನ್ನ ಮುಖದ ತನಕ ಕಣ್ಣು ಬರಲಿಲ್ಲ. ಮತ್ತ ಉದ್ದ ಕುತ್ತಿಗಿ ಎತ್ತಿ ಮಾಳಿಗಿ ಜಂತಿ ನೋಡಕೋತನ ಚಾ ಕುಡದ.

ನಮ್ಮ ಕಡೆ ಬೀಗರ ಮನಿತನ ಅಳಿಯೋದು ಅಂದ್ರ ಎಷ್ಟು ಅಂಕಣದ ಮನಿ, ಎಷ್ಟು ಜಂತಿ ಅಂತ ನೋಡೋದು ಪದ್ಧತಿ. ಆದ್ರ ಅದನ್ನ ಹಿರೇರು ಕಳ್ಳಗಣ್ಣಿಲೆ ನೋಡ್ತಾರ. ಚಾಪಿ ಮ್ಯಾಲ ಕುಂತು ಗಂಡು ತಾನ ಎಣಿಸಿದ್ದನ್ನ ನಮ್ಮ ಓಣ್ಯಾಗ ಯಾರೂ ಕಂಡಿರಲಿಲ್ಲ. ನಮ್ಮಪ್ಪ ಆದೆಪ್ಪ, ಸಿಟ್ಟು ಅನ್ನೋದು ಮೂಗಿನ ತುದ್ಯಾಗ ಇಟಗೊಂಡ ಮನಷ್ಯಾ.

"ಏನ್ ನೋಡಾಕತ್ತೀರಿ?" ಅಂದ.

"ಏನಿಲ್ಲ ರೀ. ಭಾಳ ಚಲೋ ಐತಿ."

ಮುಗೀತು. ಜಂತಿ ಎಣಿಸಾಕ ಬಂದೋರಿಗೆ ಮಗಳನ್ನ ಕೊಡಾಂಗಿಲ್ಲ ಅಂತ ಅಪ್ಪ ಎಲಿಅಡಿಕಿ ತಾಟು ಒಳಗ ಒಯ್ಯಾಕ ಹೇಳಿದ. ಅಂಬಪ್ಪ ಹೊರಗ ಹೋಗುವಾಗೂ ಒಂದ್ಸಲ ಮ್ಯಾಲ ನೋಡಿದ. ನನಗ ಆವತ್ತು ಹತ್ತಿದ ಸಿಟ್ಟು ಇಷ್ಟಷ್ಟಲ್ಲ. ಬ್ಯಾಡ ಅನ್ನಲಿ, ಪರವಾಗಿಲ್ಲ. ಆದ್ರ ನೋಡಿ ಬ್ಯಾಡ ಅನ್ನಬೇಕಲ್ಲ.

ಮುಂದ ನನಗ ಲಿಂಗಸುಗೂರಿನ ಹುಡುಗ್ಯಾರ ಸಾಲ್ಯಾಗ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ತು. ಎಂಬತ್ತೆಂಟರ ಚಳಿಗಾಲದಾಗ ಒಂದಿನ ಸ್ಟಾಫ್ ರೂಮಿನ ಬಾಗಲದಾಗ ಅದ ಉದ್ದ ಕುತ್ತಿಗಿ ಕಂಡ್ತು.

"ಅಯ್ಯಮ್ಮ ಟೀಚರ್ ಅಂದ್ರ ನೀವೇನ್ರಿ? ನಾ ಸಿಂಧನೂರು ಕಾಲೇಜಿನಾಗ ಪ್ರಾಣಿಶಾಸ್ತ್ರ ಹೇಳ್ತೀನಿ. ಒಂದು ಜೇಡದ ಚಿತ್ರ ಬರಸಬೇಕಾಗಿತ್ತು."

ಅಂವಗ ನನ್ನ ಗುರುತು ಸಿಗಲಿಲ್ಲ. ಸಿಗಾಕ ಮೊದಲ ನೋಡಿರಬೇಕಲ್ಲ. ಹೆಸರಿಲೆ ಹೊಳೀಬೇಕು ಅಂದ್ರ, ನಮ್ಮ ಸೀಮ್ಯಾಗ ಅಯ್ಯಮ್ಮ ಅಂತ ಕೂಗಿದ್ರ ಓಣಿಗೆ ನಾಲ್ಕು ಮಂದಿ ತಿರಗತಾರ.

ಅಂಗಿ ಕಿಸೇದಾಗಿಂದ ಒಂದು ಸಣ್ಣ ಗಾಜಿನ ಬಾಟ್ಲಿ ತಗದ. ಸ್ಪಿರಿಟಿನಾಗ ಜೋಳದ ಕಾಳಿನಷ್ಟು ಏನೋ ಮುಳುಗಿತ್ತು. ಘಟ್ಟದ ಗುಡ್ಡದ ತುದಿ ಕಾಡಿನಾಗ, ಎಲಿ ಬುಡಕ ಸಿಕ್ತಂತ. ಜಿಗಣಿ ಕಡಿಸಿಕೊಂಡು, ಜ್ವರ ಹಚ್ಚಿಕೊಂಡು ತಂದಾನ. ಯಾವ ಪುಸ್ತಕದಾಗೂ ಇಲ್ಲಂತ. ಹೆಂಗೈತಿ ಅಂತ ಬರದು, ಚಿತ್ರ ತಗದು, ಹೆಸರಿಟ್ಟು, ಜರ್ನಲ್‌ದಾಗ ಅಚ್ಚು ಹಾಕಿಸಿದ್ರ ಅದು ಹೊಸ ಜಾತಿ ಅಂತ ಜಗತ್ತು ಒಪ್ಪತೈತಂತ.

"ತಾ ಹೊಸದು ಅಂತ ಆ ಜೇಡಕ್ಕ ಗೊತ್ತೈತೇನ್ರಿ?" ಅಂದೆ.

"ಇಲ್ಲ ರೀ."

"ಹಂಗಾರ ಇದರಿಂದ ಯಾರಿಗೆ ಉಪಯೋಗ?"

ಅಂವ ನಿಂತು ವಿಚಾರ ಮಾಡಿದ. ಖರೇನ ವಿಚಾರ ಮಾಡಿದ. "ಯಾರಿಗೂ ಇಲ್ಲ ರೀ," ಅಂದ.

ಊರಿಗೆ ಒಂದು ದಾರಿ ಆದ್ರ ಎಡವಟ್ಟಗ ಒಂದು ದಾರಿ. ಇಂಥವನ್ನ ಎದುರಿಗೆ ಕುಂದರಿಸಿಕೊಂಡು ದಿನಾ ಚುಚ್ಚಬೇಕು ಅಂತ ಆಸೆ ಆತು. ಒಪ್ಪಿಕೊಂಡೆ.

ಅದ ದಿನಮಾನದಾಗ ಅಪ್ಪ ಇನ್ನೊಂದು ಗಂಡು ಹುಡುಕಿದ್ದ. ಲಿಂಗಸುಗೂರಿನ ಮಾನಪ್ಪ, ಸರಕಾರಿ ಗುಮಾಸ್ತ. ಅಂವ ಮೋಟರ್ ಸೈಕಲ್ ಹಾರ್ನ್ ಹೊಡಕೋತನ ನಮ್ಮ ಓಣಿಗೆ ಬಂದ. ನನ್ನ ಮುಖ ನೋಡಿದ, ನಡಿಸಿ ನೋಡಿದ, ತಿರುಗಿಸಿ ನೋಡಿದ. ಸಂತ್ಯಾಗ ಎತ್ತು ನೋಡಿದಂಗ. ಹಲ್ಲು ಎಣಿಸೋದೊಂದು ಬಾಕಿ ಇತ್ತು. ಯುಗಾದಿ ಆದ ಮ್ಯಾಲ ನಿಶ್ಚಯ ಅಂತ ಮಾತಾತು.

"ಬ್ಯಾಡ ಅಂದ್ರ ಈಗ ಹೇಳವಾ," ಅಂದ ಅಪ್ಪ. "ಆದ್ರ ಬ್ಯಾಡ ಅನ್ನಾಕ ಒಂದು ಕಾರಣ ಕೊಡು. ಮಂದಿಗೆ ನಾ ಏನ್ ಹೇಳ್ಲಿ?"

ನನ್ನ ಹತ್ರ ಕಾರಣ ಇರಲಿಲ್ಲ. ಮೂಗು ಮುರಿಯೋದು ಕಾರಣ ಅಲ್ಲ ಅಂತ ಅವ್ವನೂ ಅಂದ್ಲು.

ಐತವಾರಕ್ಕೊಮ್ಮೆ ಸಿಂಧನೂರಿಗೆ ಹೋಗಾಕ ಸುರು ಮಾಡಿದೆ. ಅಲ್ಲಿ ನಮ್ಮ ಚಿಗವ್ವ ಶೇಖಮ್ಮ ಇದ್ಲು. ಒಬ್ಬಾಕಿ ಹುಡುಗೀನ ಮೇಷ್ಟ್ರ ಜೋಡಿ ಬಿಡಬಾರದು ಅಂತ ಆಕಿನೂ ಕಾಲೇಜಿಗೆ ಬರಾಕಿ. ಲ್ಯಾಬಿನ ಬಾಗಲದಾಗ ಕುಂತು ಎಲಿಅಡಿಕಿ ಹಾಕ್ಕೊಂಡು, ಗ್ವಾಡಿಗೆ ಒರಗಿ ಕಣ್ಣು ಮುಚ್ಚಾಕಿ. ಕಿವಿ ಮಾತ್ರ ಮುಚ್ಚತಿರಲಿಲ್ಲ.

ಆ ಕಾಲೇಜಿನ ಮೈಕ್ರೋಸ್ಕೋಪಿಗೆ ಒಂದ ಕಣ್ಣು. ಒಂದು ಕಣ್ಣು ಅದರಾಗ ಇಟ್ಟು, ಇನ್ನೊಂದು ಕಣ್ಣು ತೆರದು ಹಾಳಿ ಮ್ಯಾಲ ಇಡಬೇಕು. ನೋಡಿದ್ದನ್ನ ಕರೀ ಮಸಿಲೆ ಚುಕ್ಕಿ ಚುಕ್ಕಿ ಇಟ್ಟು ಬರೀಬೇಕು, ನೆಳ್ಳು ತಿದ್ದಂಗಿಲ್ಲ. ಮೊದಲ ಅಂವ ಮಾಡಿ ತೋರಿಸಿದ.

"ಬಲಗಣ್ಣಿಲೆ ಜೇಡ ನೋಡ್ರಿ, ಎಡಗಣ್ಣಿಲೆ ಹಾಳಿ ನೋಡ್ರಿ."

"ನಿಮ್ಮ ಎಡಗಣ್ಣು ಹಾಳಿ ಮ್ಯಾಲ ಇಲ್ಲಲ್ರಿ."

ಅಂವನ ಎಡಗಣ್ಣು ನನ್ನ ಕಿವಿಯಾಗಿನ ಬೆಂಡೋಲಿ ಮ್ಯಾಲ ಇತ್ತು. ಹೇಳಿದ ಕೂಡ್ಲೆ ಎರಡೂ ಕಣ್ಣು ಮುಚ್ಚಿದ. ಕಳ್ಳತನ ಮಾಡಾಕೂ ಬರಾಂಗಿಲ್ಲ ಈ ಮನಷ್ಯಾಗ ಅಂತ ಅಂದುಕೊಂಡೆ. ಆದ್ರ ಆವತ್ತು ಸಂಜಿಕಿ ಚಿಗವ್ವನ ಮನ್ಯಾಗ ಕನ್ನಡಿ ಮುಂದ ನಿಂತು, ಆ ಬೆಂಡೋಲಿ ಭಾಳ ಹೊತ್ತು ನೋಡಿಕೊಂಡೆ.

ಗಂಡು ಜೇಡದ ಮುಂಗೈ ಬರಿಯೋದಕ್ಕ ಎರಡು ಐತವಾರ ಹಿಡೀತು. ಸುರುಳಿ, ಕೊಕ್ಕಿ, ಮುಳ್ಳು, ಏನೇನೋ ಇದ್ವು.

"ಇಷ್ಟು ಸಣ್ಣ ಕೈಗೆ ಇಷ್ಟೊಂದು ಸಿಂಗಾರ ಯಾಕ್ರಿ?" ಅಂದೆ.

ಅಂವ ಚಿಗವ್ವನ ಕಡೆ ನೋಡಿದ, ಸೀಲಿಂಗ್ ನೋಡಿದ, ಕಿವಿ ಕೆಂಪಗಾದ್ವು. "ಅದು ಬರೇ ಕೈ ಅಲ್ಲ ರೀ. ಹೆಣ್ಣಿಂದು ಬೀಗ ಇದ್ದಂಗ, ಇದು ಕೀಲಿ ಇದ್ದಂಗ. ಈ ಜಾತಿ ಗಂಡಿಂದು ಈ ಜಾತಿ ಹೆಣ್ಣಿಗೆ ಮಾತ್ರ ಕೂಡತೈತಿ. ಇದನ್ನ ನೋಡೇ ಜಾತಿ ಗುರುತು ಹಿಡಿಯೋದು."

ಅರ್ಥ ಆಗಾಕ ನನಗ ಒಂದು ಗಳಿಗಿ ಬೇಕಾತು. ಮದುವಿ ಆಗದ ಹುಡುಗಿ ಕೈಲೆ ಎರಡು ಐತವಾರ ಕುಂದರಿಸಿ ಇಂವ ಇದನ್ನ ಬರಿಸ್ಯಾನ.

"ನಾಚಿಕಿ ಆಗಲಿಲ್ಲೇನ್ರಿ?"

"ಭಾಳ ಆತು ರೀ. ಅದಕ್ಕ ಹೇಳಿರಲಿಲ್ಲ."

ಬಾಗಲದಾಗ ಚಿಗವ್ವ ಕಣ್ಣು ಮುಚ್ಚಿಕೊಂಡ ನಗಾಕತ್ತಿದ್ಲು.

ಯುಗಾದಿ ಹಿಂದಿನ ಐತವಾರ ಚಿತ್ರ ಮುಗಿಯಾಕ ಬಂದಿತ್ತು. ಬಿಸಿಲು ಸುಡಾಕತ್ತಿತ್ತು, ಕರೆಂಟ್ ಹೋಗಿತ್ತು. ಚಿಗವ್ವ ಸೆರಗಿಲೆ ಗಾಳಿ ಹಾಕ್ಕೋತ, "ನಿನಗ ಯಾರೂ ಹೆಣ್ಣು ಕೊಡಲಿಲ್ಲೇನಪಾ?" ಅಂತ ಕೇಳಿಬಿಟ್ಲು.

"ಒಂದ ಮನಿಗೆ ಹೋಗಿದ್ದೆ ರೀ ಅವ್ವಾ. ಮಸ್ಕಿಯಾಗ. ಅಲ್ಲಿ ಜಂತಿ ಸಂದಿಯಾಗ ಒಂದು ತಾಯಿ ಜೇಡ ತತ್ತಿ ಗಂಟು ಬಾಯಾಗ ಹಿಡಕೊಂಡು ನಿಂತಿತ್ತು. ಗದ್ಲ ಆದ್ರ ಎಲ್ಲಿ ಕೆಳಗ ಬಿಡತೈತೋ ಅಂತ ಅದನ್ನ ನೋಡಕೋತ ಕುಂತೆ. ಅವರಿಗೆ ಸಿಟ್ಟು ಬಂತು."

ನನ್ನ ಕೈಯಾಗಿನ ಪೆನ್ನು ನಿಂತಿತು. ಎರಡು ವರ್ಷ ನಾ ಹೊತ್ತ ಸಿಟ್ಟಿಗೆ ಒಂದು ಜೇಡ ಕಾರಣಂತ.

"ಹುಡುಗಿ ಹೆಂಗಿದ್ಲು?" ಅಂದೆ.

"ಮುಖ ನೋಡಲಿಲ್ಲ ರೀ. ಕಾಲು ಕಂಡಿದ್ವು."

"ಹೆಂಗಿದ್ವು?"

"ಸಿಟ್ಟಿಲೆ ಇದ್ವು. ಎಡಗಾಲ ಹೆಬ್ಬಟ್ಟು ಎರಡನೇ ಬಟ್ಟಿನ ಮ್ಯಾಲ ಏರಿಸಿ ಒತ್ತಿ ಹಿಡದಿದ್ಲು."

ಹೇಳಕೋತ ಹೇಳಕೋತ ಅಂವ ಟೇಬಲ್ ಬುಡಕ ನೋಡಿದ. ನನ್ನ ಕಾಲು ಹಂಗ ಇದ್ವು. ಭಾಳ ಹೊತ್ತು ನೋಡಿದ. ಆಮ್ಯಾಲ ತಲಿ ಎತ್ತಿ, ಮೊದಲನೇ ಸಲ, ನನ್ನ ಮುಖ ಪೂರಾ ನೋಡಿದ. ಎರಡೂ ಕಣ್ಣಿಲೆ.

"ನೀವ," ಅಂದ.

"ನಾನ," ಅಂದೆ. "ಯುಗಾದಿ ಆದ ಮ್ಯಾಲ ನನ್ನ ನಿಶ್ಚಯ ಐತಿ. ಬ್ಯಾರೆ ಕಡೆ."

ಅಂವ ಪೆನ್ನು ಒರಸಿದ, ಮಸಿ ಬಾಟ್ಲಿ ಮುಚ್ಚಿದ. ಬಾಯಿ ಇಲ್ಲದ ಪ್ರಾಣಿ. ನಾ ಸೆರಗು ಬಿಗದು ಎದ್ದು ನಿಂತೆ.

ಇನ್ನೊಂದು ಆಸೆ ಉಳದಿತ್ತು, ಮುಚ್ಚಿಡೋದು ಯಾಕ. ಜೇಡಕ್ಕ ತನ್ನ ಹೆಸರು ತಾ ಇಟಗೊಳ್ಳಾಂಗಿಲ್ಲ, ಗುರುಗಳದ್ದೋ ಹೇಂತೀದೋ ಇಡ್ತಾರ ಅಂತ ಅಂವನ ಹೇಳಿದ್ದ. ನನ್ನ ಹೆಸರು ಇಡ್ತಾನ, ಆಗ ಹುಳಕ್ಕ ನನ್ನ ಹೆಸರೇನ್ರಿ ಅಂತ ಉಗೀಬೇಕು ಅಂತ ಮಾತು ತಯಾರು ಮಾಡಿಟ್ಟಿದ್ದೆ.

"ಹೆಸರು ಏನಿಟ್ರಿ?"

"ಅದು ಸಿಕ್ಕ ಗುಡ್ಡದ ಹೆಸರು ರೀ."

ಉಗಿಯಾಕ ಇಟ್ಟ ಮಾತು ಉಪಯೋಗಕ್ಕ ಬರಲಿಲ್ಲ, ಅಳು ಬಂತು. ಆಗ ಗೊತ್ತಾತು, ಈ ದಡ್ಡನ ಮ್ಯಾಲ ನನಗ ಜೀವ ಐತಿ. ಎಂಥಾ ಕರ್ಮ ನೋಡ್ರಿ.

"ಬ್ಯಾರೆ ಹೆಸರು ಹೊಳೀಲಿಲ್ಲೇನು?"

"ಮೊದಲನೇ ಐತವಾರನ ಹೊಳದಿತ್ತು ರೀ." ಅಂವ ಮುಚ್ಚಿದ ಮಸಿ ಬಾಟ್ಲೀನ ಮತ್ತೊಮ್ಮೆ ಬಿಗಿ ಮಾಡಿದ. "ಆದ್ರ ನಾಳೆ ಯಾರಾದ್ರೂ ಶ್ಯಾಣ್ಯಾ ಬಂದು, ಇದು ಹೊಸದಲ್ಲ, ಹಿಂದ ಒಬ್ಬರು ಬರದಾರ ಅಂತ ಸಾಬೀತು ಮಾಡಿದ್ರ ನಾ ಇಟ್ಟ ಹೆಸರು ಬಿದ್ದು ಹೋಗತೈತಿ. ಬಿದ್ದು ಹೋಗೋ ಜಾಗದಾಗ ನಿಮ್ಮ ಹೆಸರು ಇಡಾಕ ಮನಸ್ಸಾಗಲಿಲ್ಲ."

"ಹಂಗಾರ ಎಲ್ಲಿ ಇಡ್ತೀರಿ?"

"ನಮ್ಮ ರೇಷನ್ ಕಾರ್ಡಿನಾಗ. ಅದರಾಗ ಸೇರಿದ ಹೆಸರು ಯಾರೂ ತೆಗಿಯಾಂಗಿಲ್ಲ ರೀ. ನಮ್ಮಜ್ಜ ಸತ್ತು ಹನ್ನೊಂದು ವರ್ಷ ಆತು, ಅಂವಂದು ಇನ್ನೂ ಐತಿ."

ಹುಡುಗಿಗೆ ಪ್ರೀತಿ ಹೇಳೋ ರೀತಿ ಏನ್ರಿ ಇದು? ಸತ್ತ ಅಜ್ಜನ ಪಕ್ಕ ಜಾಗ ತೋರಿಸ್ಯಾನ. ನಾ ನಕ್ಕೆ, ಕಣ್ಣಾಗ ನೀರು ಬಂತು, ಎರಡೂ ಒಮ್ಮೆಗೇ. "ಬಂದು ನಮ್ಮಪ್ಪನ್ನ ಕೇಳ್ರಿ," ಅಂದೆ.

ಆ ರಾತ್ರಿ ಬಸ್ಸಿಗೆ ಕಾಯದ ಮಧ್ಯಾಹ್ನನ ಮಸ್ಕಿಗೆ ಹೋದೆ. "ಬ್ಯಾಡ ಅನ್ನಾಕ ಕಾರಣ ಕೇಳಿದ್ದ್ಯಲ್ಲಪ್ಪಾ, ತಗೋ. ಅಂಬಪ್ಪ ನಮ್ಮ ಜಂತಿ ಎಣಿಸಿಲ್ಲ. ಜೇಡ ನೋಡ್ಯಾನ."

ಅಪ್ಪ ಬೀಡಿ ಆರಿಸಿದ. "ಜಂತಿ ಎಣಿಸಿದ್ರನ ಚಲೋ ಇತ್ತು," ಅಂದ. ಆದ್ರ ನನ್ನ ಮುಖ ನೋಡಿ, ಮಾನಪ್ಪಗ ಮರುದಿನ ನಿಶ್ಚಯ ಬ್ಯಾಡ ಅಂತ ಹೇಳಿ ಕಳಿಸಿದ.

ಯುಗಾದಿಗೆ ಅವ್ವ ಮನಿ ಪೂರಾ ಜೇಡರ ಬಲಿ ತೆಗದು ಸುಣ್ಣ ಹಚ್ಚಿದ್ಲು. ನಡುಮನಿಯ ಒಂದು ಮೂಲಿ ಮಾತ್ರ ನಾ ಮುಟ್ಟಾಕ ಬಿಡಲಿಲ್ಲ. ಜಗಳ ತಗದು ಬಿಡಲಿಲ್ಲ. ಅಲ್ಲೊಂದು ಜೇಡ ತನ್ನ ಪಾಡಿಗೆ ತಾ ಇತ್ತು.

ಅಂಬಪ್ಪ ಬಂದು ಅದ ಚಾಪಿ ಮ್ಯಾಲ ಕುಂತ. ನಾ ಅದ ಗಿಳಿಹಸಿರು ಸೀರ್ಯಾಗ ಚಾ ತಂದೆ. ಅಂವ ಒಂದ್ಸಲನೂ ಮ್ಯಾಲ ನೋಡಲಿಲ್ಲ. ನಾ ಕಣ್ಣಿಲೆ ಆ ಮೂಲಿ ತೋರಿಸಿದೆ, ಗದ್ದ ಎತ್ತಿ ತೋರಿಸಿದೆ. ಊಹೂಂ. ಚಾ ಆರಿಹೋತು, ಕೆನಿ ಕಟ್ಟಿತು, ಅಂವ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಇವನ ಸಲುವಾಗಿ ಅವ್ವನ ಜೋಡಿ ಜಗಳಾಡಿದ್ದೆಲ್ಲಾ ದಂಡ.

ಅಪ್ಪ ಕೆಮ್ಮಿದ. "ಏನ್ ನೋಡಾಕತ್ತೀರಿ?"

"ಏನಿಲ್ಲ ರೀ," ಅಂದ ಅಂಬಪ್ಪ. "ಭಾಳ ಚಲೋ ಐತಿ."