ಅವಳಿಗೆಂದೇ ಒಂದು ಬಾಗಿಲು

ಎಂಟರ್ ಒತ್ತಿದ ಮರುಕ್ಷಣವೇ ಅವಳ ಎದೆ ಧಸಕ್ಕೆಂದಿತು.

ಪರದೆಯ ಮೇಲೆ ಮಿನುಗುತ್ತಿದ್ದ ಪುಟ್ಟ ಗೆರೆ ನಿಂತುಬಿಟ್ಟಿತ್ತು. ಒಂದು ಕೀ ಒತ್ತಿದಳು. ಇಲ್ಲ. ಇನ್ನೊಂದು ಒತ್ತಿದಳು. ಊಹೂಂ... ಏನೂ ಇಲ್ಲ!

'ಅಯ್ಯೋ, ಏನ್ ಮಾಡಿಬಿಟ್ಟೆ ನಾನು?'

ಕೆಲಸಕ್ಕೆ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಅಷ್ಟರಲ್ಲಿ ಕಾರಿಡಾರಿನ ಕೊನೆಯಲ್ಲಿದ್ದ ಸರ್ವರ್ ಕೋಣೆಯ ಗಾಜಿನ ಬಾಗಿಲು ತೆರೆಯಿತು. ಒಳಗಿನ ಚಳಿಗೆಂದು ಹಾಕಿಕೊಂಡ ದಪ್ಪ ಜಾಕೆಟ್‌ನಲ್ಲೇ ಒಬ್ಬ ಹೊರಗೆ ಬಂದ. ಎತ್ತರದ ಆಳು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

"ಮೂರನೇ ಸರ್ವರ್‌ನಲ್ಲಿ ಯಾರಿದ್ದೀರಿ?"

ಎಲ್ಲರ ತಲೆಯೂ ಅವಳತ್ತ ತಿರುಗಿತು.

"ನಾನೇ..." ಎಂದಳು.

"ಹೊಸ ಸಾಫ್ಟ್‌ವೇರ್‌ಗೆ ಯಾವ ನೆಟ್‌ವರ್ಕ್ ಕಾರ್ಡ್ ಕೊಟ್ರಿ?"

"ಮೊದಲನೇದು."

"ನೀವು ಲಾಗಿನ್ ಆಗಿದ್ದು ಯಾವ ಕಾರ್ಡಿಂದ?"

ಅವಳು ನಾಲಿಗೆ ಕಚ್ಚಿಕೊಂಡಳು. "...ಮೊದಲನೇದರಿಂದ."

"ಅಂದ್ರೆ, ಹೊರಗೆ ನಿಂತು ಮನೆಗೆ ಬೀಗ ಹಾಕಿ, ಕೀನ ಕಿಟಕಿಯಿಂದ ಒಳಗೆ ಎಸೆದ್ರಿ."

ಯಾರೋ ಕಿಸಕ್ಕೆಂದರು. ಅವಳ ಕಿವಿಯೆಲ್ಲ ಬಿಸಿಯಾಯಿತು.

"ಬೈಯೋದಿದ್ರೆ ನೇರವಾಗಿ ಬೈರಿ!"

ಅವನು ತಬ್ಬಿಬ್ಬಾದ. "ಬೈದಿಲ್ಲ ಮೇಡಂ... ಇದನ್ನ ಎಲ್ಲರೂ ಒಂದ್ಸಲ ಮಾಡ್ತಾರೆ. ನಾನು ಎರಡು ಸಲ ಮಾಡಿದ್ದೀನಿ. ಬನ್ನಿ, ಒಳಗೆ ಹೋಗಿ ಕೀ ತರೋಣ."

ಒಳಗೆ ಹಲ್ಲು ಕಟಕಟಿಸುವ ಚಳಿ. ಸಾಲು ಸಾಲು ಯಂತ್ರಗಳ ಗುಂಯ್ ಸದ್ದು. ಅವನು ಮಾತಿಲ್ಲದೆ ಜಾಕೆಟ್ ಬಿಚ್ಚಿ ಅವಳ ಕೈಗಿಟ್ಟ. ಬೇಡ ಅನ್ನುವಷ್ಟರಲ್ಲಿ ಅತ್ತ ತಿರುಗಿ, ಸರ್ವರ್‌ಗೇ ನೇರವಾಗಿ ಕೀಬೋರ್ಡ್ ಜೋಡಿಸುತ್ತ ಕೂತಿದ್ದ.

"ಆ ಕಾರ್ಡ್ ಎಲ್ಲಿ ಹೋಯ್ತು? ಪಟ್ಟಿಯಲ್ಲೇ ಕಾಣ್ತಿಲ್ಲ!"

"ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ಈ ಸಾಫ್ಟ್‌ವೇರ್ ಕೈಗೆ ಕೊಟ್ಟ ಮೇಲೆ ಸಿಸ್ಟಮ್ ಕಣ್ಣಿಗೆ ಬೀಳಲ್ಲ, ಅಷ್ಟೇ. ಆದ್ರೆ ಮೊದಲಿಗಿಂತ ಜಾಸ್ತಿ ದುಡೀತಿರುತ್ತೆ."

ಆ ಮಾತು ಅವಳ ಮನಸ್ಸಿನಲ್ಲಿ ಯಾಕೋ ಉಳಿದುಬಿಟ್ಟಿತು.

*

ಅವರ ಕಂಪನಿಯ ಕೆಲಸ ಕೇಳಲು ಸುಲಭ, ಮಾಡಲು ಕಷ್ಟ. ದೂರದ ಸಣ್ಣ ಕ್ಲಿನಿಕ್ಕುಗಳಲ್ಲಿ ರೋಗಿಯ ಎದೆಯನ್ನು ಸ್ಕ್ಯಾನ್ ಮಾಡುವಾಗ, ಆ ಚಿತ್ರ ಆಗಿಂದಾಗಲೇ ದೊಡ್ಡಾಸ್ಪತ್ರೆಯ ಹೃದಯ ತಜ್ಞರಿಗೆ ಕಾಣಬೇಕು. ಚಿತ್ರ ಚೂರು ಚೂರಾಗಿ, ಪ್ಯಾಕೆಟ್ಟುಗಳಾಗಿ ಓಡಿಬರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಅವು ದಾರಿಯಲ್ಲಿ ಮುಗ್ಗರಿಸುತ್ತಿದ್ದವು. ಅದಕ್ಕೆಂದೇ ಈ ಹೊಸ, ವೇಗದ ಸಾಫ್ಟ್‌ವೇರ್.

"ಹೃದಯದ ಕವಾಟ ತೆರೆದು ಮುಚ್ಚೋದನ್ನ ನೋಡ್ಬೇಕು ಅವರು," ಎಂದಿದ್ದ ಅವನು ಒಮ್ಮೆ. "ಚಿತ್ರ ತಡವರಿಸಿದ್ರೆ, ತಡವರಿಸಿದ್ದು ಚಿತ್ರವೋ ಕವಾಟವೋ ಗೊತ್ತಾಗಲ್ಲ."

ಅಷ್ಟು ಉದ್ದ ಅವನು ಮಾತಾಡಿದ್ದೇ ಅಪರೂಪ. ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಮೌನಿ ಎಂದು. ಕರೆದರೆ ಓಗೊಡುತ್ತಿದ್ದ, ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಇವಳೋ, ಒಂದು ಕಡೆ ಕೂತರೆ ಕಾಲು ಕುಣಿಸುವವಳು. ಮೆಸೇಜ್ ಕಳಿಸಿ, ಓದಿದರೋ ಇಲ್ಲವೋ ಎಂದು ಮತ್ತೆ ಮತ್ತೆ ಫೋನ್ ತಿರುಗಿಸಿ ನೋಡುವವಳು. ಮನೆಯಲ್ಲಿ ಅಮ್ಮ ಗದರುತ್ತಿದ್ದಳು, "ಪುಟ್ಟೀ, ಆ ಫೋನಿಗೂ ಸ್ವಲ್ಪ ಉಸಿರಾಡೋಕೆ ಬಿಡೇ!"

ಒಂದು ದಿನ ಅವಳು ಪರದೆ ತೋರಿಸಿ ಕೇಳಿದಳು, "ಪ್ಯಾಕೆಟ್ಟೇ ಬರ್ತಿಲ್ಲ. ಆದ್ರೂ ಈ ಪ್ರೊಸೆಸರ್ ಯಾಕೆ ಹೀಗೆ ಎದ್ದೂಬಿದ್ದೂ ಓಡ್ತಿದೆ?"

"ಇದು ಬೆಲ್ ಹೊಡೀಲಿ ಅಂತ ಕಾಯೋ ಜಾತಿ ಅಲ್ಲ. ಬಂದ್ರಾ, ಬಂದ್ರಾ ಅಂತ ಬಾಗಿಲಿಗೆ ಹೋಗಿ ನೋಡ್ತಾನೇ ಇರುತ್ತೆ. ಅದಕ್ಕೇ ಇಷ್ಟು ವೇಗ."

"ಥೇಟ್ ನಾನೇ! ಮತ್ತೆ ನೀವು?"

ಅವನು ಯೋಚಿಸಿದ. "ನಾನು ಬೆಲ್ ಹೊಡೆದ್ರೆ ಬಾಗಿಲು ತೆಗೆಯೋನು."

ಇಬ್ಬರೂ ನಕ್ಕರು. ಅದೇ ಮೊದಲ ಸಲ ಅವನು ಬಾಯ್ತುಂಬ ನಕ್ಕಿದ್ದು. ಆ ನಗು ನೋಡಿ ತನ್ನ ಎದೆಯೊಳಗೆ ಏನೋ ಜಾಗ ಬದಲಾಯಿಸಿಕೊಂಡಿತು ಎಂದು ಅವಳಿಗೆ ಅನಿಸಿತು. ಅಷ್ಟೇ ಬೇಗ ಹೆದರಿಕೆಯೂ ಆಯಿತು.

ಯಾಕೆಂದರೆ ಮೌನ ಅವಳಿಗೆ ಹೊಸದಲ್ಲ. ಅಪ್ಪನಿಗೆ ಸಿಟ್ಟು ಬಂದರೆ ಬೈಗುಳವಿಲ್ಲ, ಹೊಡೆತವಿಲ್ಲ, ಮಾತು ಬಿಟ್ಟುಬಿಡುತ್ತಿದ್ದ. ಊಟದ ಮೇಜಿನ ಆಚೆ ಕೂತೇ ಇಲ್ಲದವನಾಗುತ್ತಿದ್ದ. ಹೀಗೆ ಮಾತು ಬಿಟ್ಟ ಒಂದು ದಿನ ಮನೆಯನ್ನೂ ಬಿಟ್ಟು ಹೋದ. ಅಂದಿನಿಂದ ಅವಳ ಲೆಕ್ಕದಲ್ಲಿ ಮಾತು ನಿಂತಿತು ಅಂದರೆ ಮನುಷ್ಯ ಹೊರಟ ಎಂದೇ ಅರ್ಥ.

'ಈ ಮೌನಿಯ ಸಹವಾಸ ನಿನಗೆ ಬೇಡ ಕಣೇ...' ಎಂದು ಬುದ್ಧಿ ಹೇಳಿತು. ಮನಸ್ಸು ಎಲ್ಲಿ ಕೇಳುತ್ತೆ?

*

ಆ ಬುಧವಾರ ಇಬ್ಬರೂ ಸರ್ವರ್ ಕೋಣೆಯಲ್ಲಿದ್ದರು. ಅಮ್ಮನ ಫೋನ್ ಬಂತು, ಕೈ ಬಿಡುವಿಲ್ಲದೆ ಸ್ಪೀಕರ್ ಹಾಕಿದಳು.

"ಪುಟ್ಟೀ, ಊಟ ಆಯ್ತಾ?"

"ಆಗುತ್ತಮ್ಮಾ, ಇಡು!"

ಅವನು ತುಟಿಯಂಚಿನಲ್ಲಿ ನಕ್ಕ. "ಪುಟ್ಟಿ?"

"ಮನೇಲಿ ಕರೆಯೋದು. ಇಲ್ಲಿ ಯಾರ ಹತ್ರಾನಾದ್ರೂ ಬಾಯಿಬಿಟ್ರೆ ನೋಡಿ ಮತ್ತೆ!"

"ನಾನು ಬಾಯಿಬಿಡೋದಾ?"

ನಗುನಗುತ್ತಲೇ ಅವಳ ಬೆರಳು ಎಂಟರ್‌ನತ್ತ ಹೋಯಿತು. ಥಟ್ಟನೆ ಅವನು ಅವಳ ಕೈ ಹಿಡಿದ.

"ಕಾರ್ಡ್ ನೋಡಿ!"

ನೋಡಿದಳು. ಮತ್ತದೇ ಮೊದಲನೇ ಕಾರ್ಡು. ಅದೇ ತಪ್ಪು!

ಅವನ ಕೈ ಅವಳ ಕೈ ಮೇಲೆ ಹಾಗೇ ಇತ್ತು. ಯಂತ್ರಗಳ ಸದ್ದು ದೂರವಾದಂತಾಯಿತು. ಅವಳು ಕಣ್ಣೆತ್ತಿದಳು. ಅವನು ಏನೋ ಹೇಳಲು ಬಾಯಿ ತೆರೆದ... ಆಗಲೇ ಅವನ ಜೇಬಿನಲ್ಲಿ ಫೋನ್ ಗುರುಗುಟ್ಟಿತು. ನೋಡಿದವನ ಮುಖ ಬಿಳಿಚಿತು. ಕೈ ಬಿಟ್ಟ. ಹೊರಗೆ ಹೋದ. ತಿರುಗಿ ಒಂದು ಮಾತೂ ಆಡಲಿಲ್ಲ.

ಮಾರನೇ ಬೆಳಿಗ್ಗೆ ಅವಳು ಲಾಗಿನ್ ಆಗಲು ಹೋದರೆ, ದಾರಿ ಮುಚ್ಚಿತ್ತು.

ವಿಳಾಸ ಸರಿಯಿದೆ, ಪಾಸ್‌ವರ್ಡ್ ಸರಿಯಿದೆ. ಆದರೆ ಆ ಕಡೆಯಿಂದ ಉತ್ತರವೇ ಇಲ್ಲ. ಅವನ ಕುರ್ಚಿ ಖಾಲಿ. ಫೋನ್ ಸ್ವಿಚ್ ಆಫ್.

"ಮನೆ ಕಡೆ ಏನೋ ಅರ್ಜೆಂಟ್ ಅಂತ ನಿನ್ನೆ ಸಂಜೇನೇ ಹೊರಟ್ರು," ಎಂದರು ಮ್ಯಾನೇಜರ್. ನರೆಗೂದಲನ್ನು ಗಂಟುಕಟ್ಟಿ ಅದಕ್ಕೇ ಪೆನ್ನು ಸಿಕ್ಕಿಸಿಕೊಳ್ಳುವ ಹೆಂಗಸು. "ಹೋಗೋ ಮುಂಚೆ ಕೂತ್ಕೊಂಡು ಆ ಹಳೇ ಲಾಗಿನ್ ದಾರಿ ತೆಗೆದುಹಾಕಿದ್ರಲ್ಲ. ನಿಮಗೆ ಹೇಳಿಲ್ವಾ?"

"ಇಲ್ಲ."

"ಸರಿಹೋಯ್ತು! ಆ ಮನುಷ್ಯನ ಬಾಯಿಂದ ಮಾತು ತೆಗೆಯೋಕೆ ಬೇರೆ ಮೆಷಿನ್ನೇ ಬೇಕು."

ಅವಳು ನಗಲಿಲ್ಲ. 'ಅದೇ ತಪ್ಪು ಎರಡನೇ ಸಲ ಮಾಡೋದನ್ನ ನೋಡಿದ. ಇವಳ ಕೈಗೆ ಸರ್ವರ್ ಕೊಡಬಾರದು ಅಂತ ತೀರ್ಮಾನಿಸಿದ. ಮುಖಕ್ಕೆ ಹೇಳೋ ಧೈರ್ಯವೂ ಇಲ್ಲ... ಹಾಗಾದ್ರೆ ಆ ಕೈ? ಆ ನೋಟ?'

ಮೆಸೇಜ್ ಕಳಿಸಿದಳು. ಫೋನ್ ತಿರುಗಿಸಿ ನೋಡಿದಳು. ಊಟದ ನಡುವೆ ನೋಡಿದಳು, ಮೆಟ್ಟಿಲಿಳಿಯುತ್ತ ನೋಡಿದಳು, ಬಸ್ಸಿನಲ್ಲಿ ನಿಂತು ನೋಡಿದಳು. ಏನಿಲ್ಲ.

"ಅಮ್ಮಾ, ಅಪ್ಪ ಹೋದಾಗ ನೀನೂ ಹೀಗೇ ಬಾಗಿಲು ನೋಡ್ತಿದ್ಯಾ?"

ಬಟ್ಟೆ ಮಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು. "ನೋಡ್ದೆ. ಕೇಳ್ಬೇಕಾಗಿದ್ದನ್ನ ಕೇಳದೇ ಬರೀ ನೋಡ್ದೆ. ಅದೇ ನಾನು ಮಾಡಿದ ತಪ್ಪು. ನಿನ್ನ ಮನುಷ್ಯನಿಗೂ ನಿನ್ನ ಅಪ್ಪನ ಅಂಗೀನೇ ತೊಡಿಸಬೇಡ, ಪುಟ್ಟಿ."

"ನನ್ನ ಮನುಷ್ಯ ಅಂತ ಯಾರು ಹೇಳಿದ್ದು!"

"ಯಾರೂ ಹೇಳಿಲ್ಲಪ್ಪ," ಎಂದು ಅಮ್ಮ ಮತ್ತೆ ಬಟ್ಟೆ ಮಡಿಸತೊಡಗಿದಳು.

ಶುಕ್ರವಾರ ಅವಳು ಮ್ಯಾನೇಜರ್ ಮುಂದೆ ನಿಂತು, ಬೇರೆ ತಂಡಕ್ಕೆ ಹಾಕಿ ಎಂದು ಕೇಳಿಯೇಬಿಟ್ಟಳು. ಅವರು ಪೆನ್ನಿನಿಂದ ತಲೆ ಕೆರೆದುಕೊಂಡು, "ಸೋಮವಾರ ಚಿತ್ರಗಳನ್ನೆಲ್ಲ ಹೊಸ ದಾರಿಗೆ ಹಾಕೋದಿದೆ, ಅದು ಮುಗೀಲಿ, ನೋಡೋಣ," ಎಂದರು.

*

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಓಡುತ್ತಲೇ ಬಂದರು.

"ಮೌನಿ ಫೋನ್ ಮಾಡಿದ್ರು. ಅವರಕ್ಕಂಗೆ ಹೃದಯದ ತೊಂದರೆಯಂತೆ. ನಮ್ಮದೇ ಒಂದು ಕ್ಲಿನಿಕ್‌ನಲ್ಲಿ ಮಲಗಿಸಿದ್ದಾರೆ. ಹೊಸ ದಾರಿ ಶುರುವಾದ ಕೂಡ್ಲೇ ಮೊದಲ ಸ್ಕ್ಯಾನ್ ಅವರದ್ದು."

ಅವಳು ಧಡಕ್ಕನೆ ಎದ್ದು ನಿಂತಳು. 'ಕವಾಟ... ತಡವರಿಸಿದ್ದು ಚಿತ್ರವೋ ಕವಾಟವೋ... ಇಷ್ಟು ದಿನ ಅದನ್ನ ಎದೇಲಿಟ್ಕೊಂಡು ಕೂತಿದ್ನಾ?'

"ಆದ್ರೆ ನನಗೆ ಸರ್ವರ್‌ಗೆ ದಾರೀನೇ ಇಲ್ವಲ್ಲ, ಮೇಡಂ!"

"ಒಳಗೇ ಕೂತು ಮಾಡಿ. ನೀವಿದ್ದೀರಿ ಅಂತ್ಲೇ ನಂಬಿ ಹೋಗಿದ್ದು ಅಂತ ಹೇಳ್ತಿದ್ರು ಪುಣ್ಯಾತ್ಮ."

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಸರ್ವರ್ ಕೋಣೆಗೆ ನುಗ್ಗಿದಳು. ಅವನ ಜಾಕೆಟ್ ಕುರ್ಚಿಯ ಮೇಲೇ ಇತ್ತು. ಹಾಕಿಕೊಂಡಳು. ಸರ್ವರ್‌ನ ಕೀಬೋರ್ಡಿನಲ್ಲಿ, ಯಾವ ಯಾವ ನೆಟ್‌ವರ್ಕ್ ಕಾರ್ಡ್ ಇದೆ ತೋರಿಸು ಎಂದು ಕೇಳಿದಳು.

ಪಟ್ಟಿ ಬಂತು. ಮೊದಲನೇ ಕಾರ್ಡನ್ನು ಅವನು ಹಲವು ವರ್ಚುವಲ್ ಕಾರ್ಡುಗಳಾಗಿ ಭಾಗ ಮಾಡಿದ್ದ. ಇರುವುದು ಒಂದೇ ಕಾರ್ಡು, ಆದರೆ ಸಿಸ್ಟಮ್‌ಗೆ ಪ್ರತಿ ಭಾಗವೂ ಬೇರೆ ಬೇರೆ ಕಾರ್ಡಿನಂತೆ ಕಾಣುತ್ತದೆ. ಚಿತ್ರ ಸಾಗಿಸುವ ಭಾಗಗಳಿಗೆಲ್ಲ ಬರೀ ಅಂಕಿಗಳು.

ಕೊನೆಯ ಒಂದಕ್ಕೆ ಮಾತ್ರ ಹೆಸರಿತ್ತು.

putti

ಅವಳು ಕಣ್ಣುಜ್ಜಿಕೊಂಡಳು.

ಆ ಒಂದು ಭಾಗವನ್ನು ವೇಗದ ಸಾಫ್ಟ್‌ವೇರ್‌ಗೆ ಕೊಡದೆ, ಹೊಸ ವಿಳಾಸ ಕೊಟ್ಟು, ಲಾಗಿನ್‌ಗೆಂದೇ ಎತ್ತಿಟ್ಟಿದ್ದ. ಉಳಿದದ್ದನ್ನೆಲ್ಲ ಅವಳು ಯಾರ ಕೈಗೆ ಕೊಟ್ಟರೂ, ಎಷ್ಟೇ ತಪ್ಪು ಮಾಡಿದರೂ, ಈ ಬಾಗಿಲು ಮುಚ್ಚುವಂತಿರಲಿಲ್ಲ. ಹಳೆಯ ದಾರಿ ತೆಗೆದಿದ್ದು ಅವಳನ್ನು ಹೊರಗಿಡಲು ಅಲ್ಲ... ಇನ್ನೆಂದೂ ಅವಳು ಹೊರಗುಳಿಯಬಾರದೆಂದು!

ಲ್ಯಾಪ್‌ಟಾಪಿನಿಂದ ಆ ವಿಳಾಸಕ್ಕೆ ಪಿಂಗ್ ಕಳಿಸಿದಳು. ಪಿಂಗ್ ಅಂದರೆ ಬೇರೇನಲ್ಲ. ಒಂದು ಯಂತ್ರ ಇನ್ನೊಂದನ್ನು 'ಇದ್ದೀಯಾ?' ಎಂದು ಕೇಳುತ್ತದೆ. ಅದು 'ಇದ್ದೀನಿ' ಎನ್ನುತ್ತದೆ.

ಉತ್ತರ ಬಂತು. ಬರುತ್ತಲೇ ಇತ್ತು.

'ಇದ್ದೇ ಇತ್ತು. ನಾನೇ ಕೇಳಲಿಲ್ಲ...'

ಪಕ್ಕದಲ್ಲಿಟ್ಟಿದ್ದ ಅವಳ ಫೋನ್ ಬಡಿದುಕೊಂಡಿತು.

"ನಾನು." ಅವನ ಧ್ವನಿ! "ಕ್ಲಿನಿಕ್ ಫೋನಿಂದ ಮಾಡ್ತಿದ್ದೀನಿ. ವಾರ್ಡ್‌ನಲ್ಲಿ ಮೊಬೈಲ್ ಬಿಡಲ್ಲ. ಅಕ್ಕ ಒಳಗಿದ್ದಾಳೆ. ದೊಡ್ಡಾಸ್ಪತ್ರೆ ಡಾಕ್ಟರ್ ಇನ್ನೊಂದು ಫೋನಲ್ಲಿ ಕಾಯ್ತಿದ್ದಾರೆ."

ನೂರು ಪ್ರಶ್ನೆಗಳು ಗಂಟಲಿಗೆ ಬಂದವು. ಎಲ್ಲವನ್ನೂ ನುಂಗಿದಳು. "ಫೋನ್ ಇಡ್ಬೇಡಿ," ಎಂದಷ್ಟೇ ಹೇಳಿ, ಹೊಸ ಬಾಗಿಲಿನಿಂದ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆದಳು. ಚಿತ್ರ ಸಾಗಿಸುವ ಕಾರ್ಡಿನ ಭಾಗಗಳನ್ನು ವೇಗದ ಸಾಫ್ಟ್‌ವೇರ್‌ಗೆ ಕೊಡುವ ಆಜ್ಞೆಯನ್ನು ಒಂದೊಂದಾಗಿ ಬರೆದಳು. ಇನ್ನೊಮ್ಮೆ ಓದಿದಳು. ಮತ್ತೂ ಒಮ್ಮೆ.

ಎಂಟರ್ ಒತ್ತಿದಳು.

ಆ ಭಾಗಗಳೆಲ್ಲ ಪಟ್ಟಿಯಿಂದ ಮಾಯವಾದವು. ಪರದೆಯ ಮೇಲಿನ ಪುಟ್ಟ ಗೆರೆ ಮಾತ್ರ ಮಿನುಗುತ್ತಲೇ ಇತ್ತು.

"ಚಿತ್ರ ಬಂತಾ?"

ಆ ಕಡೆ ಯಾವುದೋ ಯಂತ್ರದ ಬೀಪ್ ಸದ್ದಷ್ಟೇ ಕೇಳಿತು.

"ಬಂತಾ?... ಮಾತಾಡ್ರೀ!"

ಉಸಿರೆಳೆದುಕೊಂಡ ಸದ್ದು. "ಬಂತು ಅಂತಿದ್ದಾರೆ ಡಾಕ್ಟರ್... ಎಲ್ಲೂ ನಿಲ್ತಿಲ್ವಂತೆ. ಕವಾಟ ಕಾಣ್ತಿದೆ ಪುಟ್ಟಿ. ಚೆನ್ನಾಗಿ ಕಾಣ್ತಿದೆ."

ಅವನು ಅಳುತ್ತಿದ್ದ. ಅವಳು ಫೋನನ್ನು ಕಿವಿಗೊತ್ತಿಕೊಂಡು, ಜಾಕೆಟ್‌ನ ತೋಳಿನಿಂದ ತನ್ನ ಕಣ್ಣೊರೆಸಿಕೊಂಡಳು.

*

ಅವನು ಹಿಂತಿರುಗಿದ ದಿನ ಅವಳು ಗಾಜಿನ ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಹೆಗಲಲ್ಲಿ ಬ್ಯಾಗು, ನಿದ್ದೆಗೆಟ್ಟ ಮುಖದಲ್ಲಿ ಗಡ್ಡ, ಅವನು ಬಂದ.

"ಅಕ್ಕ?"

"ಆಪರೇಷನ್ ಮಾಡ್ತಾರಂತೆ. ಎಲ್ಲಿ ಕೆಟ್ಟಿದೆ ಅಂತ ಸರಿಯಾಗಿ ಕಂಡಿದೆ, ಹೆದರಬೇಡಿ ಅಂದ್ರು. ನಿಮ್ಮನ್ನ ನೋಡ್ಬೇಕಂತೆ ಅವಳಿಗೆ."

"ನನ್ನನ್ನಾ? ನನ್ನ ಬಗ್ಗೆ ಹೇಳಿದ್ದೀರಾ? ನೀವು? ಬಾಯಿಬಿಟ್ಟು?"

"ಅವಳು ಕೇಳಿದ್ಲು."

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. "ನನಗಂತ ಬಾಗಿಲು ಮಾಡಿದ್ರಿ, ಸರಿ. ಮಾಡಿದ್ದೀನಿ ಅಂತ ಒಂದು ಮಾತು ಹೇಳೋಕೇನಾಗಿತ್ತು? ನನ್ನ ಮೇಲೆ ನಂಬಿಕೆ ಹೋಯ್ತು ಅಂದ್ಕೊಂಡೆ. ಬೇರೆ ತಂಡ ಕೇಳಿಬಿಟ್ಟೆ, ಗೊತ್ತಾ?"

ಅವನ ಬ್ಯಾಗು ಹೆಗಲಿಂದ ಜಾರಿತು. "ಹೋಗ್ತೀರಾ?"

"ಮೊದಲು ನನ್ನ ಮಾತಿಗೆ ಉತ್ತರ ಕೊಡಿ!"

"ಅವತ್ತು ಕೈ ಹಿಡಿದಾಗಲೇ ಎಲ್ಲಾ ಹೇಳೋಣ ಅಂತಿದ್ದೆ. ಅಕ್ಕನ ಫೋನ್ ಬಂತು. ಕೈಕಾಲೇ ಆಡಲಿಲ್ಲ. ಹೊರಡೋ ಮುಂಚೆ ಆ ಒಂದು ಕೆಲಸ ಮಾಡಿಟ್ಟೆ. ನೀವು ಎಲ್ಲಾ ನೋಡ್ತೀರಲ್ಲ, ಇದನ್ನೂ ನೋಡ್ತೀರಿ ಅಂದ್ಕೊಂಡೆ."

"ಎಲ್ಲಾ ನೋಡ್ತೀನಿ. ನನಗೆ ಕಾಣದೇ ಇರೋದು ಒಂದೇ. ನೀವು ಬಾಯಿಬಿಟ್ಟು ಹೇಳದೇ ಇರೋದು." ಅವನ ಮುಖವನ್ನೇ ನೋಡಿದಳು. "ನೀವು ಸುಮ್ಮನಾದ್ರೆ ನನಗೆ ಭಯ ಆಗುತ್ತೆ. ನಮ್ಮಪ್ಪ ಹಾಗೇ ಹೋಗಿದ್ದು."

ಅವನು ಜಾರಿದ ಬ್ಯಾಗನ್ನು ಪಕ್ಕಕ್ಕಿಟ್ಟ. ಆಮೇಲೆ, ಭಾರದ ಪೆಟ್ಟಿಗೆ ಎತ್ತುವವನಂತೆ ಒಂದೊಂದೇ ಮಾತು ಎತ್ತಿ ಮುಂದಿಟ್ಟ.

"ನನಗೆ ನೀವು ಬೇಕು. ಕೆಲಸಕ್ಕೆ ಮಾತ್ರ ಅಲ್ಲ. ನಾನು ಸುಮ್ಮನಿದ್ದಾಗ್ಲೂ ಎಲ್ಲೂ ಹೋಗಿರಲ್ಲ. ಆದ್ರೆ ಅದು ನಿಮಗೆ ಕಾಣಲ್ಲ ಅಂತ ಗೊತ್ತಿರಲಿಲ್ಲ. ಇನ್ಮೇಲೆ... ಹೇಳೋದು ಕಲೀತೀನಿ. ನಿಧಾನ ಆಗ್ಬಹುದು."

"ನಾನೂ ಕೇಳೋದು ಕಲೀತೀನಿ," ಎಂದಳು ಅವಳು. "ಸುಮ್ನೆ ಬಾಗಿಲು ನೋಡ್ತಾ ಕೂರಲ್ಲ. ಬೆಲ್ ಹೊಡೀತೀನಿ. ಆದ್ರೆ ತುಂಬಾ ಸಲ ಹೊಡೀತೀನಿ, ಈಗ್ಲೇ ಹೇಳಿದ್ದೀನಿ!"

"ಹೊಡೀರಿ."

"ಬೇಜಾರಾಗಲ್ವಾ?"

"ಇಲ್ಲ."

ಅವಳು ಒಂದು ಹೆಜ್ಜೆ ಮುಂದೆ ಬಂದು, ಅವನ ಎದೆಗೆ ಹಣೆ ತಾಗಿಸಿ ನಿಂತಳು. ಕಾಲು ಕುಣಿಯುವುದು ತಾನಾಗಿಯೇ ನಿಂತಿತ್ತು.

"ಇದ್ದೀಯಾ?" ಎಂದಳು, ಬಲು ಮೆಲ್ಲಗೆ.

ಅವನ ಕೈ ಅವಳ ತಲೆಯ ಮೇಲೆ ಬಂತು.

"ಇದ್ದೀನಿ, ಪುಟ್ಟಿ."