ಪುಕ್ಕಟೆ ಮ್ಯಾನೇಜರ್

"ಇಬ್ಬರಿಗೂ ಒಂದ ಕಡೆ ನೌಕರಿ ಆತಲ್ರಿ ಅಕ್ಕಾರ, ಇನ್ನ ಬಾಯಿ ಸಿಹಿ ಮಾಡಬೇಕ ನೀವು," ಎಂದು ಕಾಲೇಜಿನ ಪ್ಯೂನ್ ಹುಲ್ಲಪ್ಪ ನಗುತ್ತ ಬಂದಾಗ ಗುರುಲಿಂಗವ್ವನಿಗೆ ತಲೆಬುಡ ತಿಳಿಯಲಿಲ್ಲ.

"ಯಾರಿಬ್ಬರಿಗೆ?"

"ನಿಮಗ, ಮತ್ತ ರಾಚಯ್ಯನವರಿಗೆ. ಆರ್ಡರ್ ಅವರ ಹೆಸರಿಲೆ ಟೈಪ್ ಆಗಾಕತ್ತೇತಿ. ಲಗ್ನ ಆದ ಮ್ಯಾಲ ನೀವೂ ಜೋಡಿ ಹೋಗಿ ತೋಟ ನೋಡ್ತೀರಂತಲ್ಲ. ಅಧ್ಯಕ್ಷರು ಒಳಗ ಭಾಳ ಖುಷಿಲೆ ಹೇಳಾಕತ್ತಿದ್ರು."

ಗುರುಲಿಂಗವ್ವ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಹುನಗುಂದದ ಮನೆಯಲ್ಲಿ ಅವಳು ಹೀಗೆ ಸೆರಗು ಸಿಕ್ಕಿಸಿದರೆ ತಮ್ಮಂದಿರು ಮೆಲ್ಲಗೆ ಹೊರಗೆ ಜಾರುತ್ತಿದ್ದರು. ಹುಲ್ಲಪ್ಪನೂ ಜಾರಿದ.

ಲಗ್ನವಂತೆ. ಯಾರದು? ಯಾರು ಯಾರನ್ನು ಕೇಳಿದ್ದರು?

ಅದು ಎಂಬತ್ತೈದನೆಯ ಇಸವಿ. ಕೃಷಿ ಪದವಿ ಮುಗಿಸಿದವರಿಗೆ ತೋಟ ನಡೆಸುವುದನ್ನು ವ್ಯವಹಾರದಂತೆ ಕಲಿಸುವ ಸ್ನಾತಕೋತ್ತರ ಕೋರ್ಸೊಂದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಆಗಷ್ಟೇ ಶುರುವಾಗಿತ್ತು. ಬಂಡವಾಳ, ಮಾರ್ಕೆಟಿಂಗ್, ಆಳುಗಳ ನಿರ್ವಹಣೆ ಎಲ್ಲವೂ ಅದರಲ್ಲಿತ್ತು. ತರಗತಿಯ ತುಂಬ ಗಂಡಸರು, ಗುರುಲಿಂಗವ್ವ ಒಬ್ಬಳೇ ಹೆಣ್ಣು. ಅಪ್ಪ ಕಳಿಸುವಾಗಲೇ ಕರಾರು ಮಾಡಿದ್ದ. ಕೋರ್ಸ್ ಮುಗಿಯುತ್ತಲೇ ನೌಕರಿ ಸಿಕ್ಕರೆ ಸರಿ, ಇಲ್ಲದಿದ್ದರೆ ಬಾದಾಮಿಯಿಂದ ಬಂದಿರುವ ಗಂಡಿಗೆ ಹೂಂ ಎನ್ನಬೇಕು. ಇವತ್ತು ಕೂಡಲಸಂಗಮದ ಕಡೆಯ ಒಂದು ಟ್ರಸ್ಟಿನವರು ತಮ್ಮ ದೊಡ್ಡ ತೋಟಕ್ಕೆ ಮ್ಯಾನೇಜರ್ ಬೇಕೆಂದು ಕಾಲೇಜಿಗೇ ಬಂದು ಇಂಟರ್‌ವ್ಯೂ ಮಾಡಿದ್ದರು. ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಗೆದ್ದೆ ಅಂದುಕೊಂಡೇ ಹೊರಗೆ ಬಂದಿದ್ದಳು. ಅವಳ ಹಿಂದೆ ಒಳಗೆ ಹೋದವನು ರಾಚಯ್ಯ.

ರಾಚಯ್ಯನ ಮೇಲೆ ಅವಳಿಗೆ ಮನಸ್ಸಿತ್ತು, ಸುಳ್ಳೇಕೆ ಹೇಳಬೇಕು. ಒಮ್ಮೆ ಸೆಮಿನಾರಿನಲ್ಲಿ ಅವಳು ತೋಟದ ಖರ್ಚಿನ ಲೆಕ್ಕಕ್ಕೆ ಹೆಂಡಿಕಸವನ್ನೂ ಸೇರಿಸಿದ್ದಳು. ನಮ್ಮ ಕಡೆ ವರ್ಷದ ಲೆಕ್ಕಕ್ಕೆ ಒಬ್ಬ ಆಳನ್ನು ಗೊತ್ತು ಮಾಡಿಕೊಂಡರೆ ಪಗಾರ ಗಂಡನಿಗೆ. ಬೆಳಗಾಗೆದ್ದು ದನದ ಮನೆಯ ಸೆಗಣಿ ಬಳಿದು ಕಸ ಹೊಡೆಯಲು ಹೆಂಡತಿ ಬರಲೇಬೇಕು, ಅದು ಪುಕ್ಕಟೆ. ಆ ಪುಕ್ಕಟೆ ಕೆಲಸಕ್ಕೂ ಬೆಲೆ ಕಟ್ಟಬೇಕೆಂದು ಅವಳು ಅಂದದ್ದಕ್ಕೆ ಇಡೀ ತರಗತಿ ನಕ್ಕಿತ್ತು. ರಾಚಯ್ಯ ನಗಲಿಲ್ಲ. ವಾದಕ್ಕಿಳಿದಾಗ ಮಾಡುವಂತೆ ಎಡಗಣ್ಣು ಸಣ್ಣದು ಮಾಡಿ, "ತಾಸಿಗೆ ಏನ್ ರೇಟ್ ಹಿಡದೀರಿ? ನನಗ ಕಡಿಮಿ ಅನಸ್ತೈತಿ," ಅಂದಿದ್ದ. ಅವತ್ತಿನಿಂದ ಆ ಸಣ್ಣಗಾಗುವ ಕಣ್ಣನ್ನು ಕದ್ದು ನೋಡುವುದು ಅವಳಿಗೆ ಚಟವಾಯಿತು. ಅವನೂ ನೋಡುತ್ತಿದ್ದ, ಸಿಕ್ಕಿಬಿದ್ದರೆ ಫ್ಯಾನಿನ ಕಡೆ ಮುಖ ಎತ್ತುತ್ತಿದ್ದ. ಕರೆಂಟ್ ಇಲ್ಲದ ದಿನ ನಿಂತ ಫ್ಯಾನನ್ನು ಅವನು ಅಷ್ಟು ಹೊತ್ತು ನೋಡುವುದು ಕಂಡು ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಅಂಥವನು ಈಗ ಬೇವಿನ ಮರದ ಕೆಳಗೆ ನಿಂತು ಮುಗುಳ್ನಗುತ್ತಿದ್ದ.

"ಗುರುಲಿಂಗವ್ವಾರ, ನಿಮ್ಮನ್ನ ಹುಡುಕಾಕತ್ತಿದ್ದೆ. ಈ ಸೀರಿ ನಿಮಗ..."

"ಸೀರಿ ಸುದ್ದಿ ಆಮ್ಯಾಲ. ಒಳಗ ಏನ್ ಹೇಳಿ ಬಂದಿ?"

ಇಷ್ಟು ದಿನ 'ರಿ' ಹಚ್ಚಿ ಮಾತಾಡಿದವಳು ಏಕವಚನಕ್ಕೆ ಇಳಿದದ್ದು ಕೇಳಿ ಅವನ ಕಿವಿ ಕೆಂಪಾದವು.

"ಅವರ ಕೇಳಿದ್ರು. 'ಆ ಹುಡುಗಿ ಭಾಳ ಶಾಣ್ಯಾ ಅದಾಳ, ಖರೆ ಒಬ್ಬಾಕಿ ತೋಟದಾಗ ಹೆಂಗಿರ್ತಾಳ, ಕೊಡಾಕ ಧೈರ್ಯ ಆಗವಲ್ದು' ಅಂದ್ರು. ನಿಮ್ಮ ಕೈ ತಪ್ಪತೈತಿ ಅಂತ ಹೆದರಿಕಿ ಆತು. ಆಕಿ ಒಬ್ಬಾಕಿ ಇರಂಗಿಲ್ರಿ, ನಾವು ಲಗ್ನ ಆಗಾವ್ರು, ನಾನೂ ಜೋಡಿ ಇರ್ತೇನಿ ಅಂದೆ. ನಿಮಗ ಕೊಡ್ತಾರ ಅನ್ಕೊಂಡಿದ್ದೆ."

"ಕೊಟ್ರು ಯಾರಿಗೆ?"

ಅವನು ಬೇವಿನ ಟೊಂಗೆಯ ಕಡೆ ಮುಖ ಎತ್ತಿದ. ಆರ್ಡರ್ ತನ್ನ ಹೆಸರಿಗೇ ಎಂದು ಒಳಗಿದ್ದಾಗಲೇ ಅವನಿಗೆ ಗೊತ್ತಾಗಿತ್ತು. ಅದನ್ನು ಸರಿಪಡಿಸಲು ಬಾಯಿ ಬಂದಿರಲಿಲ್ಲ. ಹಳೇ ಬಾಗಲಕೋಟೆಯ ಅವನ ಮನೆ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಗೆ ಹೋಗುವುದರಲ್ಲಿತ್ತು, ನವನಗರದಲ್ಲಿ ಹೊಸ ಗೋಡೆ ಏಳಬೇಕಿತ್ತು, ನೌಕರಿ ಅವನಿಗೂ ಬೇಕಿತ್ತು.

"ಆಳು ಗೊತ್ತು ಮಾಡ್ದಂಗ ಮಾಡ್ಯಾರ ನಿನ್ನ," ಅಂದಳು. "ಪಗಾರ ಗಂಡಗ, ಹೆಂಡಿಕಸಕ್ಕ ಹೆಂಡ್ತಿ ಪುಕ್ಕಟ. ಕೋರ್ಸ್ ಕಲ್ತದ್ದು ಇದಕ್ಕೇನು ನಾ? ಮತ್ತ ನಮ್ಮ ಲಗ್ನದ ಸುದ್ದಿ ಅಧ್ಯಕ್ಷರಿಗೆ ಗೊತ್ತು, ಹುಲ್ಲಪ್ಪಗ ಗೊತ್ತು. ನನಗೊಬ್ಬಾಕಿಗೆ ಗೊತ್ತಿಲ್ಲ."

"ಹೇಳಬೇಕಂತ ಎಷ್ಟ ಸಲ..."

"ಬಾಯಾಗ ಏನ್ ಇತ್ತು ಅವಾಗ?"

ಇಂಥದ್ದಕ್ಕೆ ಸಿಟ್ಟು ಬರದಿದ್ದರೆ ಇನ್ನು ಯಾವುದಕ್ಕೆ ಬರಬೇಕು? ಅವಳಿಗೆ ಅಳು ಬರುತ್ತಿತ್ತು, ಅಳು ಬಂದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ವರ್ಷವಿಡೀ ಇವನ ಬಾಯಿಂದ ಕೇಳಬೇಕೆಂದು ಕಾದ ಮಾತನ್ನು ಇವನು ಚಹಾ ಕುಡಿಯುತ್ತಿದ್ದ ಯಾರೋ ಹಿರಿಯರೆದುರು ಹೇಳಿ ಮುಗಿಸಿದ್ದ. ಅವಳು ಸರಸರ ನಡೆದು ಇಂಟರ್‌ವ್ಯೂ ಕೋಣೆಯ ಬಾಗಿಲು ತಳ್ಳಿದಳು. ರಾಚಯ್ಯ ಹಿಂದೆಯೇ ಬಂದ.

ಟ್ರಸ್ಟಿನ ಅಧ್ಯಕ್ಷ ಅಂದಪ್ಪನವರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು.

"ಬಾ ತಂಗಿ. ಸುದ್ದಿ ಮುಟ್ಟಿತೇನು?"

"ಮುಟ್ಟಿತ್ರಿ. ನೌಕರಿ ಯಾರಿಗೆ ಕೊಟ್ರಿ?"

"ಹೆಂಗೂ ಒಂದ ಮನಿ ಆಗತೈತಲ್ಲ ತಂಗಿ. ಆರ್ಡರ್ ಯಾರ ಹೆಸರಿಲೆ ಇದ್ರೇನು?"

"ಹಂಗಾರ ನನ್ನ ಹೆಸರಿಲೆ ಮಾಡ್ರಿ."

ಬಸಿ ಮೇಜಿನ ಮೇಲೆ ಕುಳಿತಿತು. "ಗಂಡಸು ಮಗ ಪಗಾರಿಲ್ದ ಹೆಂಡ್ತಿ ಹಿಂದ ಬಂದು ದುಡ್ಯಾಕ ಆಗತೈತೇನ?"

"ನಾ ಹೆಂಗ ದುಡೀಬೇಕಂತ ಮಾಡಿದ್ರಿ?"

ಅಂದಪ್ಪನವರು ಕೆಟ್ಟವರಲ್ಲ, ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ, ಅಷ್ಟೇ. ಅವರು ರಾಚಯ್ಯನ ಮುಖ ನೋಡಿದರು.

"ನಾ ಸುಳ್ಳು ಹೇಳೇನ್ರಿ," ಎಂದ ರಾಚಯ್ಯ. "ನಮ್ಮ ಲಗ್ನ ಗೊತ್ತಾಗಿಲ್ಲ. ನಾ ಇವರನ್ನ ಕೇಳೇ ಇಲ್ಲ. ಇವರ ಇಂಟರ್‌ವ್ಯೂ ಇವರದಷ್ಟ ನೋಡ್ರಿ. ನನ್ನ ಹೆಸರ ತಗೀರಿ."

ಗುರುಲಿಂಗವ್ವ ಸರಕ್ಕನೆ ತಿರುಗಿದಳು. "ದಾನಾ ಮಾಡ್ಬ್ಯಾಡ ನನಗ."

"ದಾನ ಅಲ್ರಿ. ಸುಳ್ಳು ಹೇಳಿ ಸಿಕ್ಕ ನೌಕರಿ ಬ್ಯಾಡ ನನಗ. ನಿಮಗ ಕೊಡ್ತಾರೋ ಬಿಡ್ತಾರೋ, ಅದು ನಿಮ್ಮದು ಅವರದು."

ಅವನು ಫ್ಯಾನಿನ ಕಡೆ ನೋಡಲಿಲ್ಲ, ಅವಳನ್ನೇ ನೋಡಿದ. ನವನಗರದಲ್ಲಿ ಇನ್ನೂ ಏಳದ ಅವನ ಗೋಡೆ ಅವಳಿಗೂ ನೆನಪಾಯಿತು. ಒಂದು ಗಳಿಗೆ ಸಿಟ್ಟು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಮತ್ತೆ ಹುಡುಕಿ ತಂದುಕೊಂಡಳು.

"ಇರ್ಲಿ," ಎಂದರು ಅಂದಪ್ಪನವರು. "ಆದ್ರ ನನ್ನ ಪ್ರಶ್ನೆ ಅಲ್ಲೇ ಉಳೀತು. ಒಬ್ಬಾಕಿ ಹೆಂಗಿರ್ತಿ ತಂಗಿ?"

"ತೋಟದಾಗ ಆಳುಗಳ ಸಂಸಾರ ಎಷ್ಟ ಅದಾವ್ರಿ?"

"ಹತ್ತಾರ ಅದಾವ."

"ಹಂಗಾರ ನಾ ಒಬ್ಬಾಕಿ ಹೆಂಗಾದೆ? ಆ ಹೆಣಮಕ್ಕಳು ಮನಿಷ್ಯಾರ ಅಲ್ಲೇನ್ರಿ? ಇನ್ನೊಂದು, ನಾ ಬಂದ್ರ ಅವರ ಹೆಂಡಿಕಸಕ್ಕ ಪಗಾರ ಹಚ್ಚತೇನಿ. ಈಗ ಹೇಳೇನಿ, ಆಮ್ಯಾಲ ಹೇಳಲಿಲ್ಲ ಅನಬ್ಯಾಡ್ರಿ."

"ಸೇರೂಕಿಂತ ಮೊದಲ ಖರ್ಚ ಹೆಚ್ಚು ಮಾಡ್ತಿಯಲ್ಲವ್ವಾ."

"ಹೆಚ್ಚು ಮಾಡಂಗಿಲ್ರಿ. ಬಚ್ಚಿಟ್ಟದ್ದನ್ನ ತೋರಸ್ತೇನಿ."

ಅಂದಪ್ಪನವರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಹುಲ್ಲಪ್ಪನನ್ನು ಕೂಗಿದರು. "ಆ ಟೈಪ್ ಮಾಡಾವ್ಗ ಹೆಸರ ಬದಲಿ ಮಾಡಂತ ಹೇಳು. ಆರು ತಿಂಗಳ ಪರೀಕ್ಷಾ ಮ್ಯಾಲ ತಂಗಿ. ನಷ್ಟಾತಂದ್ರ ನಾ ಬಿಡಂಗಿಲ್ಲ."

"ಬಿಡಬ್ಯಾಡ್ರಿ," ಎಂದಳು.

ಅವಳು ಆರ್ಡರ್ ಹಿಡಿದು ಹೊರಗೆ ಬಂದಾಗ ರಾಚಯ್ಯ ಸೈಕಲ್ಲಿನ ಕೀಲಿ ತೆಗೆಯುತ್ತಿದ್ದ.

"ಎಲ್ಲಿ ಹೊಂಟಿ?"

"ಮನಿಗೆ. ನಾಳಿಂದ ಬ್ಯಾರೆ ನೌಕರಿ ಹುಡುಕಬೇಕಲ್ರಿ." ಅವನು ತಲೆ ಎತ್ತಲಿಲ್ಲ. "ನಿಮ್ಮ ಬಗ್ಗೆ ಹೇಳಿದ್ದು ಸುಳ್ಳು ಅನ್ನೂದು ಖರೆ, ಆದ್ರ ನನ್ನ ಮನಸಿನ್ಯಾಗಿಂದು ಸುಳ್ಳಲ್ಲ. ಅದನ್ನ ನಿಮಗ ಹೇಳಾಕ ಹೆದರಿಕಿ. ಅವರಿಗೆ ಹೇಳೂದು ಸರಳ ಆತು."

"ನನಗ ಯಾಕ ಹೆದರಿಕಿ?"

"ನೀವು ಇಲ್ಲ ಅಂದಿದ್ರ?"

ಅವಳು ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದಳು. ಅವನ ಬೆರಳು ಪಕ್ಕದಲ್ಲೇ ಇತ್ತು, ತಾಗಲಿಲ್ಲ. ಅವನ ಎಡಗಣ್ಣು ಸಣ್ಣದಾಯಿತು, ಈ ಸಲ ವಾದಕ್ಕಲ್ಲ.

"ಸಿಟ್ಟು ಇಳೀತೇನ್ರಿ?"

"ಇಲ್ಲ."

"ಹಂಗಾರ ಈಗ ಕೇಳಿದ್ರ..."

"ಈಗ ಕೇಳಬ್ಯಾಡ. ಸಿಟ್ಟಿನ್ಯಾಗ ನಾ ಹೂಂ ಅನ್ನಂಗಿಲ್ಲ." ಅಂದಮೇಲೆ ತಾನು ಏನು ಅಂದೆ ಎಂದು ಹೊಳೆದು ಅವಳ ಮುಖ ಬಿಸಿಯಾಯಿತು. ಅವನ ಮುಖದಲ್ಲಿ ನಗು ಏಳುವುದನ್ನು ಕಂಡು ಗದರಿದಳು. "ನಗಬ್ಯಾಡ. ಬರೋ ಆದಿತವಾರ ಹುನಗುಂದಕ್ಕ ಬಾ. ಊಟ ಮಾಡು. ಆಮ್ಯಾಲ ಕೇಳು."

"ನಿಮ್ಮ ತಂದಿಯವರನ್ನ?"

"ನನ್ನ," ಎಂದಳು ಗುರುಲಿಂಗವ್ವ. "ಉತ್ತರ ಗೊತ್ತಿದ್ರೂ, ನನ್ನ ಕೇಳಬೇಕು."